ನಕ್ಸೋಸ್‌ನಲ್ಲಿ ಐದು ದಿನ: ಬೆಳಿಗ್ಗೆ ಬೆಟ್ಟ, ಸಂಜೆ ಕಡಲು

ಅಥೆನ್ಸ್ ಪಕ್ಕದ ಪಿರೇಯಸ್ ಬಂದರಲ್ಲಿ ದೊಡ್ಡ ಫೆರಿ ಹತ್ತಿದ್ರೆ ಗ್ರೀಸಿನ ನಕ್ಸೋಸ್ ದ್ವೀಪ ಮುಟ್ಟೋಕೆ ಐದು ಗಂಟೆ ಮೇಲೆ ಬೇಕು. ಸ್ಪೀಡ್ ಬೋಟೂ ಇದೆ, ಆದ್ರೆ ದೊಡ್ಡ ಫೆರಿಲಿ ಹೊರಗೆ ಡೆಕ್ ಮೇಲೆ ನಿಂತು ಹೋಗಬಹುದು ಅಂತ ನಾವು ಅದನ್ನೇ ಹಿಡಿದ್ವಿ. ಹೋಗಿದ್ದು ಸೆಪ್ಟೆಂಬರಲ್ಲಿ, ಯಾಕಂದ್ರೆ ಜುಲೈ ಆಗಸ್ಟಲ್ಲಿ ಅಲ್ಲಿ ಉತ್ತರದಿಂದ ಮೆಲ್ಟೆಮಿ ಅನ್ನೋ ಗಾಳಿ ಜೋರಾಗಿ ಬೀಸುತ್ತೆ, ಜನಾನೂ ಜಾಸ್ತಿ.

ಬಂದರಿಗೆ ಬರ್ತಿದ್ದ ಹಾಗೇ ಮೊದಲು ಕಾಣೋದು ಪೊರ್ತಾರಾ, ಅಂದ್ರೆ ಬರೀ ಒಂದು ಬಾಗಿಲ ಚೌಕಟ್ಟು. ಕ್ರಿ.ಪೂ. 530ರ ಸುಮಾರಿಗೆ ಲಿಗ್ದಾಮಿಸ್ ಅನ್ನೋ ದೊರೆ ಶುರು ಮಾಡಿಸಿದ ದೇವಸ್ಥಾನ, ಮುಗೀಲೇ ಇಲ್ಲ, ಈಗ ಬಾಗಿಲು ಮಾತ್ರ ಆಕಾಶಕ್ಕೆ ತೆರೆದುಕೊಂಡು ನಿಂತಿದೆ.

ಹೆಚ್ಚಿನವರು ಬೀಚ್ ಪಕ್ಕ ರೂಮ್ ಮಾಡಿ ಅಲ್ಲೇ ಇದ್ದು ವಾಪಸ್ ಹೋಗ್ತಾರೆ. ನನಗಂತೂ ಅದು ದೊಡ್ಡ ನಷ್ಟ ಅನ್ಸುತ್ತೆ, ಈ ದ್ವೀಪದ ಜೀವ ಇರೋದು ಒಳಗಿನ ಬೆಟ್ಟದಲ್ಲಿ. ನಾವು ಬೆಳಿಗ್ಗೆ ಬೇಗ ಬೆಟ್ಟದ ಕಡೆ ಹೋಗಿ ಬಿಸಿಲು ಇಳಿದ ಮೇಲೆ ಕಡಲಿಗೆ ಬರ್ತಿದ್ವಿ. ಮೊದಲೆರಡು ದಿನ ಬಸ್ಸಲ್ಲೇ ಓಡಾಡಿದ್ವಿ, ಆಮೇಲೆ ಕಾರ್ ತಗೊಂಡ್ವಿ. ಊರಲ್ಲೇ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸ್ಕೊಂಡು ಹೋಗಿ. ಅಲ್ಲಿ ಗಾಡಿ ಬಲಗಡೆ ಓಡಿಸ್ಬೇಕು, ಆಗುಂಬೆ ಘಾಟಿ ಓಡಿಸಿ ಅಭ್ಯಾಸ ಇರೋ ನಮ್ಮನೆಯವರೂ ತಿರುವುಗಳಲ್ಲಿ ತುಂಬಾ ನಿಧಾನ ಮಾಡ್ತಿದ್ರು.

ಝಾಸ್ ಬೆಟ್ಟ ಸುಮಾರು 1000 ಮೀಟರ್, ನಕ್ಸೋಸ್ ಸೇರಿರೋ ಸೈಕ್ಲೇಡ್ಸ್ ಅನ್ನೋ ದ್ವೀಪಗಳ ಗುಂಪಲ್ಲೇ ಎತ್ತರದ್ದು. ಹಳೇ ಗ್ರೀಕರ ದೇವರಾಜ ಝ್ಯೂಸ್ ಬೆಳೆದಿದ್ದು ಇಲ್ಲೇ ಅಂತ ಅಲ್ಲಿಯವರು ಹೇಳ್ತಾರೆ. ಹತ್ತೋಕೆ ಎರಡು ದಾರಿ. ಫಿಲೋತಿ ಊರಿನ ಮೇಲಿರೋ ಆರಿಯಾ ಚಿಲುಮೆ ಕಡೆಯಿಂದ ಹೋದ್ರೆ ಝಾಸ್ ಗುಹೆ ಸಿಗುತ್ತೆ ಆದ್ರೆ ತುಂಬಾ ಕಡಿದು, ಕಾಲಡಿ ಕಲ್ಲು ಜಾರುತ್ತೆ. ನಾವು ಹತ್ತಿದ್ದು ಆಯ್ಯಾ ಮರೀನಾ ಚಾಪೆಲ್ ಕಡೆಯಿಂದ, ಇದು ಸಲೀಸು. ದಾರೀಲಿ ಒಂದು ಬಂಡೆ ಮೇಲೆ ಇದು ಝ್ಯೂಸ್‌ನ ಬೆಟ್ಟ ಅಂತ ಹಳೇ ಗ್ರೀಕಲ್ಲಿ ಕೆತ್ತಿದಾರೆ, ನೋಡದೆ ಮುಂದೆ ಹೋಗ್ಬೇಡಿ. ನೆರಳೇ ಇಲ್ಲ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಬೇಕೇ ಬೇಕು. ತುದೀಲಿ ನಿಂತ್ರೆ ಸುತ್ತ ಕಡಲು, ಪಾರೋಸ್, ಇಯೋಸ್, ಅಮೊರ್ಗೋಸ್ ಒಂದೊಂದಾಗಿ ತೇಲ್ತಿರೋ ಹಾಗೆ.

ಇಳಿದು ಬಂದು ಅಪಿರಾಂಥೋಸ್‌ಗೆ ಹೋದ್ವಿ, ಓಣಿಗಳಿಗೆಲ್ಲಾ ಅಮೃತಶಿಲೆ ಹಾಸಿರೋ ಊರು. 1941ರಲ್ಲಿ ಅಥೆನ್ಸ್‌ನ ಅಕ್ರೊಪೊಲಿಸ್ ಗುಡ್ಡದ ಮೇಲಿಂದ ನಾಜಿ ಧ್ವಜ ಕಿತ್ತ ಇಬ್ಬರು ಹುಡುಗರಲ್ಲಿ ಮನೋಲಿಸ್ ಗ್ಲೆಜೋಸ್ ಹುಟ್ಟಿದ್ದು ಇದೇ ಊರಲ್ಲಿ. ಊಟಕ್ಕೆ ಸಸ್ಯಾಹಾರಿಗಳು ಹೆದರೋದು ಬೇಡ, ನಕ್ಸೋಸ್ ಆಲೂಗಡ್ಡೆ ಗ್ರೀಸಲ್ಲೆಲ್ಲಾ ಹೆಸರುವಾಸಿ, ಜೊತೆಗೆ ಟೊಮೇಟೊ ರಸದಲ್ಲಿ ಬೇಯಿಸಿದ ದಪ್ಪ ಬಿಳಿ ಬೀನ್ಸ್ ಕಾಳು, ಗ್ರಾವಿಯೆರಾ ಚೀಸ್. ಹಾಲ್ಕಿ ಊರಲ್ಲಿ ಮಾದಲ ಗಿಡದ ಎಲೆಯಿಂದ ಕಿತ್ರೋನ್ ಅನ್ನೋ ಮದ್ಯ ಇಳಿಸ್ತಾರೆ, ಅಲ್ಲಿ 1896ರಿಂದ ನಡೀತಿರೋ ಭಟ್ಟಿನೂ ನೋಡಬಹುದು.

ನಾಲ್ಕನೇ ದಿನ ಉತ್ತರದ ತುದಿ, ಅಪೋಲೋನಾಸ್. ಹಳೇ ಕಲ್ಲುಕ್ವಾರಿಲಿ ಹತ್ತಿರ ಹತ್ತಿರ 11 ಮೀಟರ್ ಉದ್ದದ ವಿಗ್ರಹ ಮಲಗಿದೆ. ಗಡ್ಡದ ಆಕಾರ ಇರೋದ್ರಿಂದ ದ್ರಾಕ್ಷಿ ಮದ್ಯದ ದೇವರು ಡಯೊನಿಸಸ್ ಇರಬೇಕು ಅಂತಾರೆ. ಬಂಡೆಯಿಂದ ಪೂರ್ತಿ ಬಿಡಿಸೋ ಮುಂಚೆನೇ ಕೆಲಸ ನಿಂತಿದೆ, ಕಲ್ಲಲ್ಲಿ ಬಿರುಕು. ನಾನು ಕಾರ್ಕಳದವಳು, ಕೆಳಗೆ ಕೆತ್ತಿ ಬೆಟ್ಟದ ಮೇಲೆ ಎಳ್ಕೊಂಡು ಹೋಗಿ 1432ರಲ್ಲಿ ನಿಲ್ಲಿಸಿದ್ರು ಅನ್ನೋ 42 ಅಡಿ ಗೊಮ್ಮಟನ್ನ ನೋಡ್ತಾನೇ ಬೆಳೆದವಳು. ಇಲ್ಲಿ ಎದ್ದು ನಿಲ್ಲದೆ 2500 ವರ್ಷ ಹಾಗೇ ಮಲಗಿರೋನನ್ನ ನೋಡಿ ಆ ಕೆತ್ತಿದ ಕೈಗಳ ಬಗ್ಗೆ ತುಂಬಾ ಸಂಕಟ ಆಯ್ತು, ಪಕ್ಕದಲ್ಲೇ ಕೂತ್ಬಿಟ್ಟೆ. ಉಳಿ ಗುರುತು ಈಗ್ಲೂ ಕೈಗೆ ಸಿಗುತ್ತೆ.

ಬೀಚಲ್ಲಿ ನಮಗೆ ಹಿಡಿಸಿದ್ದು ಪ್ಲಾಕಾ, ಕಿಲೋಮೀಟರ್‌ಗಟ್ಟಲೆ ಮರಳು, ಜನ ಕಮ್ಮಿ. ಆಯ್ಯೋಸ್ ಪ್ರೊಕೋಪಿಯೋಸ್ ಬೀಚ್ ಬಂದರಿನ ಊರಿಗೆ ಹತ್ತಿರ, ಬಸ್ ಪದೇ ಪದೇ ಇದೆ, ಮಕ್ಕಳಿದ್ರೆ ಅದೇ ಒಳ್ಳೇದು. ನೀರು ತಿಳಿಯಾಗಿರುತ್ತೆ, ಎದೆಮಟ್ಟ ಹೋದ್ರೂ ಪಾದ ಕಾಣ್ಸುತ್ತೆ. ಕೊನೇ ಸಂಜೆ ನಮ್ಮನೆಯವರು ಕತ್ತಲಾಗೋವರೆಗೂ ನೀರಿಂದ ಎದ್ದೇ ಬರ್ಲಿಲ್ಲ, ನಾನು ದಡದಲ್ಲಿ ಕೂತು ಮಾರನೇ ದಿನದ ಫೆರಿ ಟಿಕೆಟ್ ಇನ್ನೊಂದಿನಕ್ಕೆ ಬದಲಾಯಿಸಬಹುದಾ ಅಂತ ಫೋನಲ್ಲಿ ನೋಡ್ತಿದ್ದೆ.