ಹಿತ್ತಲಿನ ಹಳೆಯ ಮಾವು ಮತ್ತು ನಾನು ಕಟ್ಟಿಸಿದ ಕಟ್ಟೆ

ನಮ್ಮ ಹಿತ್ತಲಿನ ಮಾವಿನ ಮರ ಮನೆಗಿಂತಲೂ ಹಳೆಯದು. ಎದೆಯೆತ್ತರದಲ್ಲಿ ಅದರ ಕಾಂಡದ ಸುತ್ತಳತೆ ಎರಡೂವರೆ ಮೀಟರ್. ಇಷ್ಟು ಬೆಳೆದ ಮರಕ್ಕೆ ಆರೈಕೆಯೇನೂ ಬೇಕಿಲ್ಲವೆಂದು ನಾನು ಬಹಳ ಕಾಲ ನಂಬಿದ್ದೆ. ಆ ನಂಬಿಕೆಯಲ್ಲಿಯೇ ಸುಮ್ಮನಿದ್ದಿದ್ದರೂ ಮರಕ್ಕೆ ಕೇಡಾಗುತ್ತಿರಲಿಲ್ಲ. ಆದರೆ ಕುಳಿತುಕೊಳ್ಳಲು ಅನುಕೂಲವಾಗಲಿ, ನೋಡಲು ಚೆಂದವಾಗಿರಲಿ ಎಂದು ಬುಡದ ಸುತ್ತ ಇಟ್ಟಿಗೆಯ ಕಟ್ಟೆ ಕಟ್ಟಿಸಿ, ಒಳಗೆ ಮೊಣಕಾಲೆತ್ತರ ಮಣ್ಣು ತುಂಬಿಸಿ, ಹೂಗಿಡಗಳನ್ನು ನೆಟ್ಟೆ.

ಮೊದಲೆರಡು ವರ್ಷ ಏನೂ ಆಗಲಿಲ್ಲ. ಮೂರನೆಯ ವರ್ಷ ನೆತ್ತಿಯ ರೆಂಬೆಗಳು ಒಣಗತೊಡಗಿದವು. ಎಲೆಗಳು ಚಿಕ್ಕದಾದವು, ಕೆಳಗೆ ನಿಂತು ನೋಡಿದರೆ ಮೊದಲು ಕಾಣದಿದ್ದ ಆಕಾಶ ಕಾಣುತ್ತಿತ್ತು. ಹುಳುವಿನ ಕಾಟವಿರಬೇಕೆಂದು ಔಷಧಿ ಹೊಡೆಸಿದೆ, ಗೊಬ್ಬರ ಹಾಕಿಸಿದೆ. ಎರಡೂ ದಂಡವಾದವು. ಮರದ ತಲೆ ಒಣಗಿದರೆ ಮೊದಲು ನೋಡಬೇಕಾದದ್ದು ಅದರ ಬುಡವನ್ನು ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಕೊನೆಗೆ ಕಟ್ಟೆಯನ್ನು ಒಡೆಸಿ, ಕಾಂಡದ ಹತ್ತಿರದ ಮಣ್ಣನ್ನು ನಾನೇ ತೆಗೆದೆ. ಗುದ್ದಲಿ ಬಳಸದೆ, ಬಿದಿರಿನ ಕಡ್ಡಿಯಿಂದ ಕೆದಕುತ್ತಾ ಕೈಯಿಂದ ಬಾಚಿದ್ದರಿಂದ ಮೂರು ದಿನ ಹಿಡಿಯಿತು. ಮಣ್ಣಿನಿಂದ ಹುಳಿ ವಾಸನೆ ಬರುತ್ತಿತ್ತು. ಹೂತುಹೋಗಿದ್ದ ತೊಗಟೆ ಕಪ್ಪಾಗಿ, ಉಗುರಿನಿಂದ ಒತ್ತಿದರೆ ಒಳಕ್ಕೆ ಇಳಿಯುವಷ್ಟು ಮೆತ್ತಗಾಗಿತ್ತು. ತುಂಬಿದ ಮಣ್ಣಿನೊಳಗೆ ಹೊಸ ಬೇರುಗಳು ಹುಟ್ಟಿ, ಅವುಗಳಲ್ಲಿ ಹೆಬ್ಬೆರಳು ದಪ್ಪದ ಒಂದು ಬೇರು ಕಾಂಡವನ್ನೇ ಬಳಸಿ ಬಿಗಿಯುತ್ತಿತ್ತು. ಅದನ್ನು ಉಳಿಯಿಂದ ಕತ್ತರಿಸಿ ಬಿಡಿಸಿದೆ. ಕಾಂಡವು ಅಗಲವಾಗುತ್ತಾ ಬೇರುಗಳಾಗಿ ಕವಲೊಡೆಯುವ ಜಾಗ ಕಣ್ಣಿಗೆ ಬೀಳುವವರೆಗೂ ಕೆದಕಿದೆ. ನೆಲದ ಮಟ್ಟದಲ್ಲಿ ಆ ಜಾಗ ಕಾಣುತ್ತಿರಬೇಕು. ಕಾಂಡ ಕಂಬದಂತೆ ನೇರವಾಗಿ ಮಣ್ಣಿಗಿಳಿದಿದ್ದರೆ ಬುಡ ಹೂತಿದೆಯೆಂದು ಶಂಕಿಸಬೇಕು.

ದೊಡ್ಡ ಮರದ ಬೇರು ಪಾತಾಳಕ್ಕೆ ಇಳಿದಿರುತ್ತದೆ ಎಂಬ ಮಾತು ಬಹುಮಟ್ಟಿಗೆ ತಪ್ಪು. ಬೇರುಗಳಲ್ಲಿ ಹೆಚ್ಚಿನವು ಮೇಲಿನ 60 ಸೆಂಟಿಮೀಟರ್ ಮಣ್ಣಿನಲ್ಲೇ ಇರುತ್ತವೆ. ನೀರು, ಆಹಾರ ಹೀರುವ ಸಣ್ಣ ಬೇರುಗಳಂತೂ ಇನ್ನೂ ಮೇಲೆ ಹರಡಿಕೊಂಡು ಕೊಂಬೆಗಳ ಹರವನ್ನು ದಾಟಿ ಬಹುದೂರ ಹೋಗಿರುತ್ತವೆ. ಇವು ಉಸಿರಾಡಬೇಕು. ಮೇಲೆ ಮಣ್ಣು ಬಿದ್ದರೆ, ವಾಹನಗಳ ಭಾರಕ್ಕೆ ನೆಲ ಗಟ್ಟಿಯಾದರೆ, ಸಿಮೆಂಟು ಬಳಿದರೆ ಗಾಳಿ ಸಿಗದೆ ಅವು ಸಾಯುತ್ತವೆ. ಆದರೂ ಕೂಡಿಟ್ಟ ಪಿಷ್ಟದ ಬಲದಿಂದ ಮರ ಕೆಲವು ವರ್ಷ ಹಸಿರಾಗಿಯೇ ನಿಂತಿರುವುದರಿಂದ, ಕಾಯಿಲೆ ಕಾಣಿಸಿಕೊಳ್ಳುವ ಹೊತ್ತಿಗೆ ಅದರ ಕಾರಣವನ್ನು ನಾವು ಮರೆತಿರುತ್ತೇವೆ.

ಕಟ್ಟೆ ಹೋದ ಮೇಲೆ ಕಾರನ್ನು ನೆರಳಿನಿಂದ ಹೊರಗೆ ನಿಲ್ಲಿಸತೊಡಗಿದೆ. ಗುಡಿಸಿ ಸುಡುತ್ತಿದ್ದ ತರಗೆಲೆಯನ್ನು ಎಂಟು ಸೆಂಟಿಮೀಟರ್‌ನಷ್ಟು ದಪ್ಪವಾಗಿ ನೆಲಕ್ಕೆ ಹೊದಿಸಿದೆ. ಕಾಂಡಕ್ಕೆ ಮಾತ್ರ ತಾಗಗೊಡದೆ ಒಂದು ಗೇಣು ಬಿಟ್ಟಿದ್ದೇನೆ. ನೀರನ್ನು ಈಗ ಬುಡಕ್ಕೆ ಸುರಿಯುವುದಿಲ್ಲ. ಬೇಸಗೆ ಕಠಿಣವಾದಾಗ ಕೊಂಬೆಗಳ ಹರವಿನ ಅಂಚಿನಲ್ಲಿ ಪೈಪನ್ನು ಸಣ್ಣಗೆ ಬಿಟ್ಟು, ತೆಳುವಾದ ಕಬ್ಬಿಣದ ಸರಳು ಒಂದು ಅಡಿಯಾದರೂ ಸಲೀಸಾಗಿ ಇಳಿಯುವವರೆಗೆ ನೆನೆಸುತ್ತೇನೆ; ಮಣ್ಣು ಆರುವವರೆಗೆ ಮತ್ತೆ ಹಾಯಿಸುವುದಿಲ್ಲ.

ಒಣಗಿದ ಕೊಂಬೆಗಳನ್ನು ತೆಗೆಯಲು ಬಂದ ಕೆಲಸಗಾರರು ‘ತಲೆ ಪೂರ್ತಿ ಕಡಿದುಬಿಡಿ, ಹೊಸದಾಗಿ ಚಿಗುರುತ್ತದೆ’ ಎಂದರು. ಚಿಗುರುವುದು ನಿಜ. ಆದರೆ ಆ ಚಿಗುರುಗಳು ಕಡಿದ ಕೊರಡಿನ ಅಂಚಿಗೆ ಮೇಲುಮೇಲೆ ಅಂಟಿಕೊಂಡು ಬೆಳೆಯುತ್ತವೆ. ಕೊರಡು ಒಳಗಿನಿಂದ ಕೊಳೆಯುವ ಹೊತ್ತಿಗೆ ದಪ್ಪವಾಗಿ, ಗಾಳಿಗೆ ಸಿಗಿದು ಬೀಳುತ್ತವೆ. ನಾನು ಒಪ್ಪಲಿಲ್ಲ. ಸತ್ತದ್ದನ್ನು ಮಾತ್ರ ತೆಗೆಸಿದೆ, ಹಸಿ ಕೊಂಬೆಗಳನ್ನು ಮುಟ್ಟಗೊಡಲಿಲ್ಲ. ಎಲೆಯೇ ಸಾಲದ ಮರದಿಂದ ಇನ್ನಷ್ಟು ಎಲೆ ಕಿತ್ತುಕೊಳ್ಳುವುದು ಯಾವ ಚಿಕಿತ್ಸೆ?

ಭಾರವಾದ ಕೊಂಬೆಗಳನ್ನು ಮೂರು ಕೊಯ್ತದಲ್ಲಿ ತೆಗೆಸಿದೆ: ಬುಡದಿಂದ ಒಂದಡಿ ಆಚೆ ಕೆಳಗಿನಿಂದ ಅರೆಬರೆ ಕೊಯ್ಯುವುದು, ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸುವುದು, ಆಮೇಲೆ ಉಳಿದ ತುಂಡನ್ನು ತೆಗೆಯುವುದು. ಹೀಗೆ ಮಾಡದಿದ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನು ಸೀಳಿಕೊಂಡೇ ಬೀಳುತ್ತದೆ. ಕೊನೆಯ ಕೊಯ್ತವು ಕೊಂಬೆಯ ಬುಡದಲ್ಲಿರುವ ಉಬ್ಬಿದ ಉಂಗುರಕ್ಕೆ ತಾಗದೆ, ಅದರ ಹೊರಗೇ ಆಗಬೇಕು; ಗಾಯವನ್ನು ಮುಚ್ಚುವ ಅಂಗಾಂಶ ಬೆಳೆಯುವುದು ಅಲ್ಲಿಂದಲೇ. ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿದ ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶಿಗೋ, ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ, ಕೊಳೆತ ಭಾಗದ ಸುತ್ತ ಮರ ಗೋಡೆ ಕಟ್ಟಿಕೊಂಡು ಮುಂದೆ ಬೆಳೆಯುತ್ತದೆ ಎಂದು ತೋರಿಸಿಕೊಟ್ಟರು. ಹಾಗಾಗಿ ಗಾಯಕ್ಕೆ ಡಾಂಬರು, ಬಣ್ಣ ಏನನ್ನೂ ಬಳಿಯಲಿಲ್ಲ. ಹಳೆಯ ಪೊಟರೆಯೊಂದನ್ನೂ ಹಾಗೆಯೇ ಬಿಟ್ಟೆ. ಗಾಳಿಗೆ ತೊನೆಯುವ ಮರದೊಳಗೆ ಸಿಮೆಂಟು ತುಂಬಿದರೆ ಅದು ಬಾಗುವುದಿಲ್ಲ, ಬಿರುಕಿನಲ್ಲಿ ನೀರು ನಿಲ್ಲುತ್ತದೆ.

ಮರುವರ್ಷ ಚರಂಡಿಯ ಪೈಪಿಗೆ ಕಾಲುವೆ ತೋಡುವ ಪ್ರಸಂಗ ಬಂತು. ಕಾಂಡದ ಅಡ್ಡಳತೆಯ ಹನ್ನೆರಡರಷ್ಟು ದೂರದೊಳಗೆ ಅಗೆಯಬಾರದೆಂಬುದು ಬ್ರಿಟನ್ನಿನ ಮಾನದಂಡವೂ ಅನುಸರಿಸುವ ಲೆಕ್ಕ. ನಮ್ಮ ಮರದ ಅಡ್ಡಳತೆ ಸುಮಾರು 80 ಸೆಂಟಿಮೀಟರ್ ಆದ್ದರಿಂದ ಒಂಬತ್ತೂವರೆ ಮೀಟರ್ ಬಿಡಬೇಕಾಯಿತು. ಪೈಪು ಸುತ್ತು ಹಾಕಿತು, ಖರ್ಚು ಹೆಚ್ಚಿತು.

ಕಟ್ಟೆ ಒಡೆದ ಎರಡನೆಯ ವರ್ಷದ ಚಿಗುರಿನಲ್ಲಿ ಎಲೆಗಳು ಮೊದಲಿನ ಗಾತ್ರಕ್ಕೆ ಮರಳಿದವು. ನೆತ್ತಿ ಮಾತ್ರ ಇನ್ನೂ ಬೋಳಾಗಿಯೇ ಇದೆ. ವರ್ಷಕ್ಕೆರಡು ಬಾರಿ ಕೊಡತಿಯಿಂದ ಕಾಂಡವನ್ನು ತಟ್ಟಿ ಎಲ್ಲಿ ಟೊಳ್ಳು ಸದ್ದು ಬರುತ್ತದೆಂದು ಆಲಿಸುತ್ತೇನೆ, ಬುಡದಲ್ಲಿ ಅಣಬೆ ಎದ್ದಿದೆಯೇ ಎಂದು ನೋಡುತ್ತೇನೆ. ಎರಡು ದಪ್ಪ ಕೊಂಬೆಗಳು ಇಕ್ಕಟ್ಟಾಗಿ ಕೂಡುವ ಕವಲಿನಲ್ಲಿ ತೊಗಟೆ ಒಳಕ್ಕೆ ಸಿಕ್ಕಿಕೊಂಡಿರುವುದು ಈ ಸಲ ಕಂಡಿತು. ಅಂಥ ಕವಲು ಸೀಳುವ ಸಂಭವ ಹೆಚ್ಚು, ಏಣಿ ಹಾಕಿ ಹತ್ತುವ ಕೆಲಸವೂ ನನ್ನದಲ್ಲ. ಮರ ಬಲ್ಲವರೊಬ್ಬರನ್ನು ಬರಹೇಳಿದ್ದೇನೆ. ಅವರು ಬಂದು ನೋಡುವವರೆಗೆ ಅದರ ಕೆಳಗಿದ್ದ ಬೆಂಚನ್ನು ಗೋಡೆಯ ಬದಿಗೆ ಎಳೆದಿಟ್ಟಿದ್ದೇನೆ.