ತೈ ಚಿ ಮೊದಲ ದಿನ: ಕೈ ಮರೆಯಿರಿ, ಕಾಲು ನೋಡಿ

ತೈ ಚಿ ಎಂದರೆ ನಿಧಾನವಾಗಿ ಮೈ ಚಲಿಸುವ ಚೀನೀ ವ್ಯಾಯಾಮ. ಅದರ ತರಗತಿಯಲ್ಲಿ ಹೊಸಬರ ಕಣ್ಣು ಮೊದಲು ಹೋಗುವುದು ಕಲಿಸುವವರ ಕೈಗಳ ಮೇಲೆ. ಧಾರವಾಡದ ಸಾಧನಕೇರಿ ಕೆರೆಯ ದಂಡೆಯಲ್ಲಿ ಬೆಳಿಗ್ಗೆ ಅಭ್ಯಾಸ ಮಾಡುವಾಗ ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಕೈಗಳು ಚೆಂದವಾಗಿ ತೇಲುತ್ತಿರುತ್ತವೆ, ಕಾಲು ಎಲ್ಲೆಲ್ಲೋ ಬೀಳುತ್ತಿರುತ್ತದೆ. ಹದಿನೈದು ದಿನಕ್ಕೆ ಮೊಣಕಾಲು ನೋವೆಂದು ಬಿಟ್ಟುಬಿಡುತ್ತಾರೆ. ತಪ್ಪು ತೈ ಚಿಯದಲ್ಲ, ಹೆಜ್ಜೆಯದು.

ಸೇರುವ ಮೊದಲು ಯಾವ ಶೈಲಿ ಎಂದು ಕೇಳಿ. ಹಳೆಯದಾದ ಚೆನ್ ಶೈಲಿಯಲ್ಲಿ ತಗ್ಗಿ ನಿಲ್ಲುವುದು, ನೆಲಕ್ಕೆ ಕಾಲು ಅಪ್ಪಳಿಸುವುದು ಉಂಟು. ಯಾಂಗ್ ಶೈಲಿ ಸಮಗತಿಯದು. ಅದರಿಂದಲೇ ಆಯ್ದು 1956ರಲ್ಲಿ ಚೀನಾ ಸರ್ಕಾರದ ಕ್ರೀಡಾ ವಿಭಾಗ 24 ಭಂಗಿಗಳ ಸರಳ ಕ್ರಮವನ್ನು ರೂಪಿಸಿತು. ಐವತ್ತು ದಾಟಿದವರು ಇದರಿಂದಲೇ ಶುರು ಮಾಡಬೇಕು. ಮೊಣಕಾಲಿಗೆ ಚಿಕಿತ್ಸೆ ಆಗಿದ್ದರೆ ಮೊದಲೇ ಹೇಳಿಬಿಡಿ.

ಸಡಿಲವಾದ ಪೈಜಾಮ ಸಾಕು. ಆನ್‌ಲೈನ್‌ನಲ್ಲಿ ಸಿಗುವ ಹೊಳೆಯುವ ಚೀನೀ ಉಡುಪಿಗೆ ದುಡ್ಡು ಸುರಿಯಬೇಡಿ. ಹಿಮ್ಮಡಿ ದಪ್ಪಗಿರುವ ಓಟದ ಶೂ ಅಂತೂ ಬೇಡವೇ ಬೇಡ, ಅದರೊಳಗೆ ಪಾದಕ್ಕೆ ನೆಲ ತಿಳಿಯುವುದಿಲ್ಲ. ತೆಳುವಾದ, ಸಮತಟ್ಟು ತಳದ ಬಟ್ಟೆ ಶೂ ಹಾಕಿಕೊಳ್ಳಿ.

ತರಗತಿಯಲ್ಲಿ ಮೊದಲು ನಿಲ್ಲಿಸುತ್ತಾರೆ. ಭುಜ ಇಳಿಬಿಟ್ಟು, ಮೊಣಕಾಲು ತುಸು ಸಡಿಲಿಸಿ ನಿಲ್ಲಿ, ಉಸಿರು ಬಿಗಿಹಿಡಿಯಬೇಡಿ.

ಇನ್ನು ಹೆಜ್ಜೆ. ಇಲ್ಲಿ ಅವಸರ ಸಲ್ಲದು. ಇಡೀ ಭಾರವನ್ನು ಬಲಗಾಲಿಗೆ ತನ್ನಿ. ಎಡಗಾಲನ್ನು ಹಗುರಾಗಿ ಎತ್ತಿ ಓರೆಯಾಗಿ ಮುಂದಿಡಿ, ಹಿಮ್ಮಡಿ ಮಾತ್ರ ನೆಲ ಮುಟ್ಟಲಿ. ಇಲ್ಲಿ ತಡೆದು ನಿಮ್ಮನ್ನೇ ಪರೀಕ್ಷಿಸಿಕೊಳ್ಳಿ: ಮೈ ಅಲುಗದಂತೆ ಆ ಕಾಲನ್ನು ಹಿಂದಕ್ಕೆ ತೆಗೆಯಲಾಗುತ್ತದೆಯೇ? ಆಗದಿದ್ದರೆ ಭಾರ ಆಗಲೇ ಮುಂದೆ ಬಿದ್ದಿದೆ, ಹೆಜ್ಜೆ ಚಿಕ್ಕದು ಮಾಡಿ. ಮಳೆಯಾದ ಮರುದಿನ ಎರೆ ಹೊಲದಲ್ಲಿ ನಡೆದವರಿಗೆ ಇದು ಗೊತ್ತು. ಅಲ್ಲಿ ಕಾಲಿಟ್ಟು, ನೆಲ ಗಟ್ಟಿಯೆಂದು ತಿಳಿದ ಮೇಲೆಯೇ ಭಾರ ಬಿಡುತ್ತೇವೆ.

ಪಾದ ಪೂರ್ತಿ ಊರಿದ ಮೇಲೆ ಭಾರವನ್ನು ನಿಧಾನವಾಗಿ ಮುಂದೆ ಸಾಗಿಸಿ, ರೂಪಾಯಿಗೆ ಎಪ್ಪತ್ತು ಪೈಸೆ ಮುಂದಿನ ಕಾಲಿಗೆ, ಮೂವತ್ತು ಹಿಂದಿನದಕ್ಕೆ. ಮೊಣಕಾಲು ಬೆರಳುಗಳು ನೋಡುವ ದಿಕ್ಕಿಗೇ ನೋಡಲಿ, ಅವುಗಳನ್ನು ದಾಟಬಾರದು. ಒಳಗೆ ವಾಲಿತೆಂದರೆ ನೋವು ಕಾದಿದೆ.

ತಿರುಗುವಾಗಲೇ ಹೆಚ್ಚಿನವರು ಎಡವುವುದು. ಭಾರ ಹೊತ್ತ ಪಾದವನ್ನು ಹಾಗೆಯೇ ತಿರುಚಿದರೆ ಮೊಣಕಾಲು ಹಿಂಡಿದಂತಾಗುತ್ತದೆ. ಮೊದಲು ಹಿಂದಿನ ಕಾಲಿನ ಮೇಲೆ ಕುಳಿತಂತೆ ಸರಿಯಿರಿ. ಮುಂದಿನ ಪಾದದ ಬೆರಳೆತ್ತಿ, ಹಿಮ್ಮಡಿಯ ಮೇಲೆ ಹೊರಗೆ ತಿರುಗಿಸಿ ಊರಿ. ಆಮೇಲೆ ಭಾರ ಮುಂದೆ ತಂದು, ಹಿಂದಿನ ಕಾಲನ್ನು ಪಕ್ಕಕ್ಕೆ ಎಳೆದುಕೊಂಡು ಮುಂದಿನ ಹೆಜ್ಜೆ ಇಡಿ. ಕೆಲವು ವಿಡಿಯೊಗಳಲ್ಲಿ ಸೊಂಟದ ಕೆಳಗೆ ಚಿತ್ರವೇ ಇರುವುದಿಲ್ಲ, ಅಂಥವನ್ನು ನೋಡಿ ಕಲಿಯಬೇಡಿ.

ಕೈಗಳ ವಿವರ ಮೊದಲ ದಿನಕ್ಕೆ ಬೇಡ, ಸೊಂಟ ತಿರುಗಿದಂತೆ ಅವು ತಾವೇ ಬರುತ್ತವೆ. ತರಗತಿಯಲ್ಲಿ ಮುಂದಿನ ಸಾಲಿಗೆ ನುಗ್ಗದೆ ನಡುವಿನಲ್ಲಿ ನಿಲ್ಲಿ. ತಿರುಗಿದಾಗಲೂ ಕಣ್ಣೆದುರು ಯಾರದಾದರೂ ಕಾಲು ಇರುತ್ತದೆ.

ಮನೆಯಲ್ಲಿ ಶಹಾಬಾದ್ ಫರಸಿ ಇದ್ದರೆ ಇನ್ನೂ ಒಳ್ಳೆಯದು. ಎರಡು ಕಲ್ಲು ಕೂಡುವ ಗೆರೆಯನ್ನು ನಡುವಿಟ್ಟು, ಎಡಪಾದ ಎಡಕ್ಕೆ, ಬಲಪಾದ ಬಲಕ್ಕೆ ಬರುವಂತೆ ನಡೆಯಿರಿ. ಪಾದಗಳು ಗೆರೆಯ ಮೇಲೇ ಒಂದರ ಮುಂದೊಂದು ಬಂದರೆ ಮೈ ಓಲಾಡುತ್ತದೆ. ದಿನಕ್ಕೆ ಹತ್ತು ಹೆಜ್ಜೆ ಹೋಗಿ ಹತ್ತು ಹೆಜ್ಜೆ ಬಂದರೆ ಸಾಕು, ಎರಡನೆಯ ತರಗತಿಗೆ ನೀವು ಸಿದ್ಧ.