ವೇದಾವತಿಯನ್ನು ಬಟ್ಟೆ ಮೇಲೆ ಬರೆದೆವು

ಹಿರಿಯೂರಿನ ಮಕ್ಕಳಿಗೆ "ನಿಮ್ಮೂರ ಹೊಳೆ ಬರೀರಿ" ಅಂದರೆ ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ನೀಲಿ ನೀರು, ಅದರ ಮೇಲೊಂದು ದೋಣಿ ಬರೆದು ತರುತ್ತಾರೆ. ನಾನು ಡ್ರಾಯಿಂಗ್ ಟೀಚರ್. ಇಂಥ ಎಷ್ಟೋ ಚಿತ್ರಗಳಿಗೆ 'ಗುಡ್' ಅಂತ ಬರೆದು ಸಹಿ ಹಾಕಿದ್ದೇನೆ. ವೇದಾವತಿ ನಮ್ಮ ಶಾಲೆಯಿಂದ ಹತ್ತು ನಿಮಿಷದ ದಾರಿ. ಅಲ್ಲಿ ದೋಣಿ ಇಲ್ಲ. ವರ್ಷದಲ್ಲಿ ಬಹಳ ತಿಂಗಳು ಹರಿಯುವ ನೀರೂ ಇರುವುದಿಲ್ಲ. ಬಳ್ಳಾರಿ ಜಾಲಿ, ಚರಂಡಿ ನೀರು, ಮರಳು ತೆಗೆದ ಗುಂಡಿಗಳು ಇವೆ.

2022ರ ಸೆಪ್ಟೆಂಬರ್‌ನಲ್ಲಿ ಮಾರಿಕಣಿವೆ ಕೋಡಿ ಬಿತ್ತು. ಮಾರಿಕಣಿವೆ ಅಂದರೆ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ ಅಣೆಕಟ್ಟು. ಅದನ್ನು ಕಟ್ಟಿ ಮುಗಿಸಿದ್ದು 1907ರಲ್ಲಿ. 1933ರಲ್ಲಿ ಒಂದು ಸಲ ಕೋಡಿ ಹರಿದಿತ್ತು. ಆಮೇಲೆ 89 ವರ್ಷ ಕಾಯಬೇಕಾಯಿತು. ಆ ದಿನಗಳಲ್ಲಿ ಜನ ಸೇತುವೆ ಮೇಲೆ ನಿಂತು ನೀರನ್ನೇ ನೋಡುತ್ತಿದ್ದರು. ನನ್ನ ಪಕ್ಕ ನಿಂತ ಹುಡುಗಿಯೊಬ್ಬಳು, "ಮಿಸ್, ಇದು ಎಲ್ಲಿಂದ ಬರುತ್ತೆ?" ಅಂದಳು. ಕಣಿವೆಯಿಂದ ಅಂದೆ. "ಅದಕ್ಕಿಂತ ಮುಂಚೆ?" ನನಗೆ ಸರಿಯಾಗಿ ಹೇಳಲು ಆಗಲಿಲ್ಲ. ಅದು ನನ್ನನ್ನು ಬಹಳ ದಿನ ಕಾಡಿತು.

ಉತ್ತರ ಹುಡುಕುತ್ತಾ ಹೋದಾಗಲೇ, ಹೊಳೆಯನ್ನು ಹುಟ್ಟಿನಿಂದ ಕೊನೆವರೆಗೆ ಒಂದೇ ಬಟ್ಟೆ ಮೇಲೆ ಬರೆಯಬೇಕು ಅನ್ನಿಸಿತು. ಬಾಬಾಬುಡನ್‌ಗಿರಿ ಸಾಲಿನಿಂದ ವೇದಾ ಮತ್ತು ಅವತಿ ಬೇರೆ ಬೇರೆಯಾಗಿ ಇಳಿದು ಕಡೂರಿನ ಹತ್ತಿರ ಕೂಡುತ್ತವೆ. ಅಲ್ಲಿಂದ ಹೊಸದುರ್ಗದ ಕಡೆ ಹಾದು ಕಣಿವೆ, ಹಿರಿಯೂರು. ಕೂಡ್ಲಹಳ್ಳಿಯಲ್ಲಿ ಸುವರ್ಣಮುಖಿ ಬಂದು ಸೇರುತ್ತದೆ. ಮುಂದೆ ಪರಶುರಾಂಪುರ ದಾಟಿ, ಹಗರಿ ಅನ್ನುವ ಹೆಸರು ಹೊತ್ತು ತುಂಗಭದ್ರೆಗೆ ಹೋಗುತ್ತದೆ.

ಇಪ್ಪತ್ತು ಮೀಟರ್ ಕೋರಾ ಬಟ್ಟೆ ತಂದೆ. ಮನೆಯಲ್ಲೇ ಕೂತು ಹೊಳೆಯ ಗೆರೆ ಎಳೆದು, ಅಂಗಡಿ ಬಣ್ಣದಲ್ಲಿ ನೀಲಿ ತುಂಬಿದೆ. ಒಂದು ಭಾನುವಾರ ತೇರುಮಲ್ಲೇಶ್ವರ ದೇವಸ್ಥಾನದ ಹತ್ತಿರ ಹಾಸಿ, "ಬನ್ನಿ, ನಿಮಗೆ ಗೊತ್ತಿರೋದನ್ನ ಬರೀರಿ" ಅಂದೆ. ಜನ ಬಂದರು, ಚೆನ್ನಾಗಿದೆ ಅಂದರು, ಫೋಟೊ ತೆಗೆದುಕೊಂಡರು, ಹೋದರು. ಕುಂಚ ಮುಟ್ಟಿದವರು ಒಬ್ಬರೂ ಇಲ್ಲ.

ಹೂವು ಮಾರುವ ಅಜ್ಜಿಯೊಬ್ಬರು ಮಾತ್ರ ನಿಂತರು. ತುಂಬಾ ಹೊತ್ತು ನೋಡಿ, "ನಮ್ಮ ಹೊಳೆ ಯಾವತ್ತವ್ವಾ ನೀಲಿ ಇತ್ತು?" ಅಂದರು. ಮತ್ತೆ ಯಾವ ಬಣ್ಣ ಅಜ್ಜಿ ಅಂದೆ. "ಹೊಸ ನೀರು ಬಂದರೆ ಕೆಂಪು. ಮಿಕ್ಕ ದಿನ ಮರಳು. ಮರಳೊಳಗೆ ನೀರು."

ಅಲ್ಲೇ ಕೂರಿಸಿಕೊಂಡು ಕೇಳಿದೆ. ಚಿಕ್ಕವರಿದ್ದಾಗ ಬೇಸಿಗೆಯಲ್ಲಿ ಹೊಳೆಗೆ ಹೋಗಿ ವರತೆ ತೋಡುತ್ತಿದ್ದರಂತೆ. ಮೊಳಕೈ ಮುಳುಗುವಷ್ಟು ತೋಡಿದರೆ ಸಾಕು, ತಳದಲ್ಲಿ ತೇವ ಕಾಣುತ್ತದೆ. ಮೊದಲು ಬರುವ ನೀರು ಕದಡು. ಅದನ್ನು ಚಿಪ್ಪಿನಲ್ಲಿ ಮೊಗೆದು ಚೆಲ್ಲಬೇಕು. ಎರಡನೇದೂ ಚೆಲ್ಲಬೇಕು. ಆಮೇಲೆ ಸುಮ್ನೆ ಕೂರಬೇಕು. ಸ್ವಲ್ಪ ಹೊತ್ತಿಗೆ ತಿಳಿನೀರು ತಾನೇ ಜಿನುಗಿ ನಿಲ್ಲುತ್ತದೆ. ಕೊಡ ತುಂಬಿದ ಮೇಲೆ ವರತೆಯ ಬಾಯಿಗೆ ಲಕ್ಕಿ ಸೊಪ್ಪು ಮುಚ್ಚಿ ಬರುತ್ತಿದ್ದರು, ದನ ತುಳಿಯದಿರಲಿ ಅಂತ. ಕುಂಚ ಕೊಟ್ಟೆ, ಬೇಡ ಅಂದರು. ಬೆರಳಲ್ಲೇ ಒಂದು ವೃತ್ತ, ಅದರೊಳಗೆ ಇನ್ನೊಂದು ಸಣ್ಣ ವೃತ್ತ ಬರೆದರು. "ಇದು ವರತೆ."

ಆ ಬಟ್ಟೆಯನ್ನು ಪಕ್ಕಕ್ಕಿಟ್ಟೆ. ಹೊಸದಾಗಿ ಶುರು ಮಾಡಿದೆವು.

ಈ ಸಲ ಗೆರೆ ಇಲ್ಲ, ಅಂಗಡಿ ಬಣ್ಣ ಇಲ್ಲ. ಕೆಮ್ಮಣ್ಣು, ಸುಣ್ಣ, ಇದ್ದಿಲು. ಇವನ್ನು ಹಿಡಿಸಲು ಕರಿಜಾಲಿ ಮರದ ಅಂಟು. ಮಾಡುವವರಿಗೆ ಒಂದು ಮಾತು: ಅಂಟನ್ನು ಒಂದು ರಾತ್ರಿ ಪೂರ್ತಿ ನೆನೆಸಿ, ಬಟ್ಟೆಯಲ್ಲಿ ಸೋಸಿ. ನಾವು ಅವಸರ ಮಾಡಿ ಎರಡು ಗಂಟೆ ಮಾತ್ರ ನೆನೆಸಿದ್ದೆವು, ಒಣಗಿದ ಮೇಲೆ ಇದ್ದಿಲೆಲ್ಲಾ ಉದುರಿತು. ಅರಿಶಿನ ಬಳಸಬೇಡಿ, ಬಿಸಿಲಿಗೆ ಮಾಸುತ್ತದೆ. ಹೊಳೆಯನ್ನು ಮಾತ್ರ ಹೊಳೆಯ ಮರಳಿನಲ್ಲೇ ಮಾಡಿದೆವು. ಜರಡಿ ಹಿಡಿದು, ಗಟ್ಟಿ ಅಂಟು ಬಳಿದ ಜಾಗಕ್ಕೆ ರಂಗೋಲಿ ಬಿಡುವ ಹಾಗೆ ಉದುರಿಸುವುದು. ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಲಿಲ್ಲ. ಸುತ್ತಿಡುವಾಗ ಮರಳಿನ ಮೈ ಹೊರಗೆ ಬರುವಂತೆ ದಪ್ಪ ಪೈಪಿಗೆ ಸಡಿಲವಾಗಿ ಸುತ್ತಿದರೆ ಬಿರುಕು ಬಿಡುವುದು ಕಡಿಮೆ.

ಮರಳು ಯಾಕೆ ಮುಖ್ಯ ಅಂತ ಮಕ್ಕಳಿಗೆ ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಒಂದು ಲೀಟರ್ ಬಾಟಲಿಯ ಕತ್ತು ಕೊಯ್ದು, ಒಣ ಮರಳು ತುಂಬಿ, ಲೋಟದಲ್ಲಿ ಅಳೆದು ನೀರು ಹಾಕಿಸಿದೆ. 'ತುಂಬಿದ' ಬಾಟಲಿ ಸುಮಾರು ಮೂರನೇ ಒಂದು ಪಾಲು ನೀರು ಕುಡಿಯಿತು. ಒಬ್ಬ ಹುಡುಗ ಮತ್ತೆ ಮತ್ತೆ ಬಗ್ಗಿ ನೋಡಿದ. "ಹಾಗಾದ್ರೆ ಹೊಳೆ ಒಣಗಿದ್ರೂ ಒಣಗಿಲ್ಲ ಅಲ್ವಾ ಮಿಸ್?" ಹೌದು. ದಡದ ಬಾವಿಗಳು ಬದುಕಿದ್ದು ಆ ನೀರಿನಿಂದಲೇ. ಮರಳು ತೆಗೆದು ಬಂಡೆ ಕಾಣಿಸಿದ ಕಡೆ ಮಳೆನೀರು ನಿಲ್ಲದೆ ಓಡುತ್ತದೆ, ವರತೆ ತೋಡಲು ಏನೂ ಇರುವುದಿಲ್ಲ. ಆ ಹುಡುಗನ ತಂದೆ ಮರಳಿನ ಟ್ರ್ಯಾಕ್ಟರ್ ಓಡಿಸುತ್ತಿದ್ದವರು. ಅವರನ್ನೂ ಕರೆದೆವು. ಎಲ್ಲೆಲ್ಲಿ ಎಷ್ಟು ಆಳಕ್ಕೆ ಮರಳು ಇತ್ತು ಅನ್ನುವುದು ಅವರಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಗುಂಡಿಗಳನ್ನೆಲ್ಲ ಇದ್ದಿಲಿನಲ್ಲಿ ಗುರುತು ಮಾಡಿದರು. ಅವತ್ತು ಯಾರೂ ಅವರನ್ನು ಏನೂ ಅನ್ನಲಿಲ್ಲ. ಅದು ಸರಿ ಅಂತಲೇ ನನಗೆ ಈಗಲೂ ಅನ್ನಿಸುತ್ತದೆ. ಬೈಯಲು ಶುರು ಮಾಡಿದರೆ ಹೊಳೆ ಬಲ್ಲವರು ಬಟ್ಟೆ ಹತ್ತಿರ ಬರುವುದೇ ಇಲ್ಲ.

ಮುಂದಿನ ಭಾನುವಾರಗಳಲ್ಲಿ ಕೆಲಸ ತಾನಾಗಿ ನಡೆಯಿತು. ಮಕ್ಕಳನ್ನು ತೇರುಮಲ್ಲೇಶ್ವರದ ಮಂಟಪಕ್ಕೆ ಕರೆದುಕೊಂಡು ಹೋಗಿ, ಚಾವಣಿಯ ಹಳೆಯ ವರ್ಣಚಿತ್ರಗಳನ್ನು ಅಂಗಾತ ಮಲಗಿ ನೋಡಿಸಿದೆ. ಕಥೆಯನ್ನು ಪಟ್ಟಿ ಪಟ್ಟಿಯಾಗಿ ಹೇಗೆ ಬರೆಯುವುದು ಅಂತ ಅಲ್ಲಿಂದ ಕಲಿತರು. ಹಿರಿಯರು ಹೊಂಗೆ, ಹೊಳೆಮತ್ತಿ, ಮಿಂಚುಳ್ಳಿ, ಕೊರವ ಮೀನು ಹೇಳಿದರು, ಮಕ್ಕಳು ಬರೆದರು. ಕಣಿವೆಯ ಜಾಗದಲ್ಲಿ ಎರಡು ಗುಡ್ಡ, ನಡುವೆ ಕಲ್ಲಿನ ಕಟ್ಟೆ, ಪಕ್ಕದಲ್ಲಿ ಕಣಿವೆ ಮಾರಮ್ಮ. ಕಟ್ಟೆಯ ಕೆಳಗೆ 1933, 2022 ಅಂತ ಎರಡು ಕೆಂಪು ಪಟ್ಟೆ. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗ ಮಕ್ಕಳೇ ಓಡಿ ಬಂದು ಮೂರನೇ ಪಟ್ಟೆ ಎಳೆದರು.

ಅಜ್ಜಿಯ ವೃತ್ತವನ್ನು ಹಳೆಯ ಬಟ್ಟೆಯಿಂದ ಕತ್ತರಿಸಿ ಹೊಸದಕ್ಕೆ ಹೊಲಿದಿದ್ದೇವೆ. ಅಜ್ಜಿ ಅದರ ಸುತ್ತ ಲಕ್ಕಿ ಸೊಪ್ಪು ಬರೆಸಿದರು.

ಬಟ್ಟೆಯ ಕೊನೆಯ ಮೂರು ಮೀಟರ್ ಇನ್ನೂ ಖಾಲಿ. ಪರಶುರಾಂಪುರದಿಂದ ಆಚೆಗಿನ ಹೊಳೆ ನಮಗೆ ಗೊತ್ತಿಲ್ಲ, ಅದನ್ನು ಅಲ್ಲಿಯವರೇ ಬರೆಯಬೇಕು. ಅಲ್ಲಿನ ಶಾಲೆಯ ಟೀಚರ್ ಒಬ್ಬರು ಒಪ್ಪಿದ್ದಾರೆ. ಹೋದ ವಾರ ಬಸ್ಸಿಗೆ ಬಟ್ಟೆ ಹಾಕಿ ಕಳಿಸಿದೆ. ಜೊತೆಗೆ ಒಂದು ಡಬ್ಬಿ ಜಾಲಿ ಅಂಟು. ಮರಳು ಕಳಿಸಲಿಲ್ಲ, ಅವರ ಹೊಳೆಯದನ್ನೇ ತರಲಿ ಅಂತ.